ಒಂದೇ ಸಲ ಕೇಳುವವರು

ಕೆಳಗಿನ ಮನೆಯಲ್ಲಿ ಟಕ್ ಎಂದಿತು. ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಬಿಟ್ಟು ಮತ್ತೆ ಟಕ್. ಪೊಟ್ಟಣದ ಬಾಯಿಯನ್ನು ಬಿಸಿ ಮಾಡಿ ಅಂಟಿಸುವ ಯಂತ್ರದ್ದು ಅಷ್ಟು ಸಣ್ಣ ಸದ್ದು, ಹಗಲಿನಲ್ಲಾದರೆ ಸರಸ್ವತಿ ನಗರದ ಆ ಬೀದಿಯಲ್ಲಿ ಯಾರ ಕಿವಿಗೂ ಬೀಳುವಂಥದ್ದಲ್ಲ. ಈಗ ಅದು ಗೋಡೆ ಹತ್ತಿ, ಮಂಚದ ಕಾಲು ಹತ್ತಿ ತನ್ನ ದಿಂಬಿನ ಕೆಳಗೇ ಬಂದು ಕೂತಿದೆ ಎನಿಸಿ ಪ್ರೇಮಲತಾ ಮಗ್ಗುಲು ಬದಲಿಸಿದಳು. ನಾಳೆ ಬರುವ ಪರದೇಶದ ಹೆಂಗಸರಿಗೆ ಕೊಡಲಿಕ್ಕೆ ಶೋಭಾರಾಣಿ ಚಟ್ನಿಪುಡಿ ತುಂಬಿಸುತ್ತಿದ್ದಾಳೆ. ತನಗೆ ಕೇಳಲಿ ಎಂದೇ ಈ ಹೊತ್ತಿನಲ್ಲಿ ಕೂತಿದ್ದಾಳೆಯೇ? ಇಲ್ಲ, ಹಾಗೆ ಮಾಡುವವಳಲ್ಲ. ಮೈದುನನ ಹೆಂಡತಿಯಾಗಿ ಈ ಮನೆಗೆ ಬಂದು ಇಷ್ಟು ವರ್ಷವಾದರೂ ಶೋಭಾ ಬೇಕೆಂದು ಮಾಡಿದ ಒಂದು ತಪ್ಪೂ ಪ್ರೇಮಲತಾಳ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ನೆಮ್ಮದಿಯಾಗಿ ಸಿಟ್ಟು ಮಾಡಬಹುದಿತ್ತು. ಪಕ್ಕದಲ್ಲಿ ಅಂಜನ್ ಕುಮಾರ್ ನಿದ್ದೆಗಣ್ಣಿನಲ್ಲೇ, "ಮಲ್ಕೊಳೆ, ನಾಳೆ ಭಾಷಣ ಐತೆ ನಿಂದು" ಎಂದ. "ಭಾಷಣ ಅಲ್ಲ, ಅನುವಾದ" ಎಂದಳು. ಅವನಿಗೆ ಎರಡೂ ಒಂದೇ. ಅವನು ಆಗಲೇ ಗೊರಕೆ ಹೊಡೆಯುತ್ತಿದ್ದ.

ಆ ಪರದೇಶದವರ ಮಂಡಳಿಯ ಹೆಸರನ್ನು ಕನ್ನಡಕ್ಕೆ ತಂದವಳು ಅವಳೇ. ಉದಯೋನ್ಮುಖ ರಾಷ್ಟ್ರಗಳ ಮಹಿಳಾ ವಾಣಿಜ್ಯ ಮಂಡಳಿ. ಬ್ರೆಜಿಲ್, ಇಂಡೋನೇಷ್ಯಾ, ಇಥಿಯೋಪಿಯಾ, ಹೀಗೆ ಇನ್ನೂ ಮೇಲೇಳುತ್ತಿರುವ ದೇಶಗಳ ವ್ಯಾಪಾರಸ್ಥ ಹೆಂಗಸರು ಒಟ್ಟುಗೂಡಿ, ದೊಡ್ಡ ದೇಶಗಳ ಬಾಗಿಲು ಕಾಯುವ ಬದಲು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುವುದು ಅದರ ಉದ್ದೇಶ. ಊರಿನ ವರ್ತಕರ ಸಂಘದ ಅಧ್ಯಕ್ಷರಾದ ವಾಮದೇವಪ್ಪನವರು ಮೊದಲ ಪತ್ರ ಬಂದ ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಇದು ನಿಮ್ ಕೆಲ್ಸ" ಎಂದು ಅವಳ ಕೈಗಿತ್ತಿದ್ದರು. ಅಂದಿನಿಂದ ಬಂದ ಪತ್ರಕ್ಕೆಲ್ಲ ಉತ್ತರ ಬರೆದವಳು ಅವಳು. ಮಂಡಳಿಯ ಆಹಾರ ಸಮಿತಿಗೆ ಈ ಭಾಗದಿಂದ ಒಬ್ಬ ಹೆಂಗಸನ್ನು ಆರಿಸುತ್ತಾರೆ, ಮೊದಲ ಸಭೆ ಆಡಿಸ್ ಅಬಾಬದಲ್ಲಿ ಎಂದು ಗೊತ್ತಾದ ರಾತ್ರಿ ಆ ಊರಿನ ಹೆಸರನ್ನು ಬಾಯೊಳಗೇ ಅಂದುಕೊಂಡು ನೋಡಿದ್ದಳು. ಯಾರಿಗೂ ಹೇಳದೆ ಪಾಸ್‌ಪೋರ್ಟ್ ಮಾಡಿಸಿದ್ದಳು. ಪೊಲೀಸರು ವಿಚಾರಣೆಗೆ ಬಂದಾಗ ಅತ್ತೆ ಮೈಲಮ್ಮ ಗಾಬರಿಯಾಗಿ, "ಏನ್ ಮಾಡ್ಕೊಂಡೀಯವ್ವಾ?" ಎಂದಿದ್ದರು. ವರ್ಷ ವರ್ಷವೂ ಮತ್ತೆ ಅರ್ಜಿ ಹಾಕಿ, ಮತ್ತೆ ಆದೇಶ ಕಾಯುವ ಅತಿಥಿ ಉಪನ್ಯಾಸಕಿ ಅವಳು; ಸ್ಟಾಫ್ ರೂಮಿನಲ್ಲಿ ಅವಳ ಹೆಸರಿನ ಕಪಾಟು ಕೂಡ ಇಲ್ಲ. ಉದಯೋನ್ಮುಖ ಎಂಬ ಪದವನ್ನು ಬರೆದಾಗ ಅದು ದೇಶಗಳಿಗಲ್ಲ, ತನಗೇ ಹೊಂದುವ ಮಾತು ಅನಿಸಿತ್ತು. ಅದಕ್ಕಾಗಿ ನಾಚಿಕೆಯೂ ಆಗಿತ್ತು.

ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ಬೆಣ್ಣೆದೋಸೆಯ ವಾಸನೆ ಇನ್ನೂ ಆರಿರಲಿಲ್ಲ. ಬಾಗಿಲಲ್ಲಿ ಕೊರಳಿಗೆ ಹಾಕಿಕೊಳ್ಳುವ ಬ್ಯಾಡ್ಜು ಕೊಡುತ್ತಿದ್ದರು. ಶೋಭಾಳದ್ದರಲ್ಲಿ ಹೆಸರಿನ ಕೆಳಗೆ 'ಉದ್ಯಮಿ' ಎಂದಿತ್ತು. ಪ್ರೇಮಲತಾಳದ್ದರಲ್ಲಿ 'ದುಭಾಷಿ' ಎಂದಿತ್ತು. ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ ಎಂದು ಹಾಕಿಸಲು ತಾನೇ ಹೇಳಿದ್ದಳಲ್ಲ? ಕೇಳಿದರೆ ಸಣ್ಣವಳಾಗುತ್ತೇನೆ, ಕೇಳದಿದ್ದರೆ ಈ ಚೀಟಿ ಸಂಜೆಯವರೆಗೂ ಎದೆಯ ಮೇಲೆ ತೂಗುತ್ತದೆ. ಅದನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಕೊಂಡಳು. ಹಾಳಾದ್ದು, ನಡೆದಂತೆಲ್ಲ ತಾನೇ ಸರಿಯಾಗುತ್ತಿತ್ತು. "ಅಕ್ಕಾ, ನಂದ್ರಾಗೆ ಏನಂತ ಬರ್ದಾರ, ಚಂದ ಐತಾ?" ಎಂದು ಶೋಭಾ ಕೊರಳು ಚಾಚಿ ಕೇಳಿದಳು. ಓದಲಿಕ್ಕೆ ಬಾರದವಳೇನಲ್ಲ, ಕಡರನಾಯಕನಹಳ್ಳಿಯಿಂದ ಹರಿಹರಕ್ಕೆ ಸೈಕಲ್ ತುಳಿದು ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆದರೂ ಅಕ್ಕನ ಬಾಯಿಂದ ಕೇಳಬೇಕು ಅವಳಿಗೆ. "ಚಂದ ಐತೆ" ಎಂದಳು ಪ್ರೇಮಲತಾ.

ವೇದಿಕೆಯ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ವಾಮದೇವಪ್ಪನವರು ಮೈಕು ಹಿಡಿದು, "ನಮ್ ದಾವಣಗೆರಿ ಒಂದ್ ಕಾಲಕ್ಕೆ ಹತ್ತಿ ಗಿರಣಿಗೆ ಏನ್ ಹೆಸ್ರು ಮಾಡಿತ್ತು ಅಂತ ಹೇಳ್ರಿ ಮೇಡಂ, ಜೋರಾಗ್ ಹೇಳ್ರಿ" ಎಂದರು. ಹೇಳಿದಳು. ಅತಿಥಿಗಳಲ್ಲಿ ಹಿರಿಯಳಾದ ಇಥಿಯೋಪಿಯಾದ ಅಲ್ಮಾಜ್, ಬಿಳಿ ಹತ್ತಿಯ ಸೆರಗಿನಂಥ ಬಟ್ಟೆಯನ್ನು ಹೆಗಲಿಗೆ ಹೊದ್ದಿದ್ದವಳು, "ಮಾಡಿತ್ತು ಎನ್ನುತ್ತೀರಿ. ಈಗ?" ಎಂದು ಕೇಳಿದಳು. ಪ್ರೇಮಲತಾ ಅದನ್ನು ಕನ್ನಡಕ್ಕೆ ತಿರುಗಿಸಿದಾಗ ಸಭೆ ಗೊಳ್ಳೆಂದು ನಕ್ಕಿತು. "ಈಗ ದೋಸೆ ತಿಂತೀವಿ ಅನ್ರಿ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅದನ್ನೂ ಹೇಳಿದಳು. ಅಲ್ಮಾಜ್ ನಕ್ಕಳು, ಪ್ರೇಮಲತಾಳ ಮುಖ ನೋಡಿ ನಕ್ಕಳು. ಆ ನಗುವನ್ನು ಪ್ರೇಮಲತಾ ಒಳಗೆ ತೆಗೆದಿಟ್ಟುಕೊಂಡಳು. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ತನ್ನ ಕೆಲಸ ಇಷ್ಟು ಹಸನು. ಇದನ್ನು ಇವರು ಗಮನಿಸದೆ ಇರುತ್ತಾರೆಯೇ. ಕೆಳಗಿಳಿದಾಗ ವಾಮದೇವಪ್ಪನವರು, "ನೀವಾ ಹೋಗ್ಬೇಕು ಮೇಡಂ ಅಲ್ಲಿಗೆ, ಬ್ಯಾರೆ ಯಾರ್ ಅದಾರ ನಮ್ಮಲ್ಲಿ ಮಾತಾಡೋರು?" ಎಂದರು. ಅಂದವರೇ ಅದೇ ಉಸಿರಿನಲ್ಲಿ, "ನಿಮ್ ತಂಗಿ ಫ್ಯಾಕ್ಟ್ರಿ ತೋರ್ಸ್ಕೊಂಡ್ ಬರ್ರಿ ಹಂಗಾ" ಎಂದೂ ಸೇರಿಸಿದರು.

ಫ್ಯಾಕ್ಟರಿ ಎಂಬುದು ಹರಿಹರದಲ್ಲಿ ಒಂದು ಹಳೆಯ ಗೋದಾಮು. ತಗಡಿನ ಮಾಡು, ಸಾಲಾಗಿ ಒಲೆಗಳು, ಮೂಲೆಯಲ್ಲಿ ಪುಡಿ ಮಾಡುವ ಯಂತ್ರ, ನೆಲದ ಮೇಲೆ ಗೋಣಿತಟ್ಟು ಹಾಸಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು. ವ್ಯಾನಿನಿಂದ ಇಳಿದ ಅತಿಥಿಗಳೆಲ್ಲ ಖಾರದ ಘಾಟಿಗೆ ಸೀನತೊಡಗಿದರು. ಬ್ರೆಜಿಲಿನಾಕೆಯಂತೂ ಕಣ್ಣೊರೆಸಿಕೊಳ್ಳುತ್ತ ಹೊರಗೇ ನಿಂತಳು. ಅಲ್ಮಾಜ್ ಮಾತ್ರ ಸೀದಾ ಒಲೆಯ ಹತ್ತಿರ ಹೋದಳು. ಅಲ್ಲಿ ಮುಸರತ್ ಎಂಬಾಕೆ ದೊಡ್ಡ ಬಾಣಲೆಯಲ್ಲಿ ಗುರೆಳ್ಳು ಹುರಿಯುತ್ತಿದ್ದಳು. ಕಪ್ಪಗೆ ಮಿನುಗುವ, ಇರುವೆಯಂಥ ಕಾಳು. ಅಲ್ಮಾಜ್ ಕೇಳದೆಯೇ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಉಜ್ಜಿ ಮೂಗಿನ ಹತ್ತಿರ ಒಯ್ದು, "ನೂಗ್" ಎಂದಳು. ಶೋಭಾ, "ಗುರೆಳ್ಳು" ಎಂದಳು. "ನೂಗ್." "ಗುರೆಳ್ಳು ರೀ." ಇಬ್ಬರೂ ನಕ್ಕರು. ಇದು ನಮ್ಮ ಬೆಟ್ಟದ ಕಾಳು, ಉಪವಾಸದ ದಿನ ಅಮ್ಮ ಹುರಿದು ಕುಟ್ಟಿ ನೀರಿನಲ್ಲಿ ಕದಡಿ ಕೊಡುತ್ತಿದ್ದಳು, ಇಷ್ಟು ದೂರ ಇದು ಹೇಗೆ ಬಂತು ಎಂದು ಅಲ್ಮಾಜ್ ಹೇಳತೊಡಗಿದಳು. ಪ್ರೇಮಲತಾ ಅನುವಾದಿಸಲು ಬಾಯಿ ತೆರೆಯುವಷ್ಟರಲ್ಲಿ ಶೋಭಾ ಕುಟ್ಟುವಂತೆ ಕೈ ಮಾಡಿ ತೋರಿಸಿದಳು, ಅವಳು ಹೌದೆಂದು ತಲೆಯಾಡಿಸಿದಳು, ಶೋಭಾ ಬೆಳ್ಳುಳ್ಳಿ ತೋರಿಸಿದಳು, ಅವಳು ಅಲ್ಲವೆಂದು ಕೈಯಾಡಿಸಿದಳು. ನಡುವೆ ನಿಂತ ಪ್ರೇಮಲತಾಳ ಬಾಯಲ್ಲಿ ತಯಾರಾಗಿದ್ದ ವಾಕ್ಯ ಅಲ್ಲೇ ಉಳಿಯಿತು. ಮದುವೆಯ ಮನೆಯಲ್ಲಿ ಬಡಿಸಲೆಂದು ಪಾತ್ರೆ ಹಿಡಿದು ಹೋದಾಗ ಆ ಸಾಲಿಗೆ ಆಗಲೇ ಯಾರೋ ಬಡಿಸಿ ಹೋಗಿದ್ದರೆ, ಆ ಪಾತ್ರೆ ಹಿಡಿದುಕೊಂಡು ಏನು ಮಾಡಬೇಕು. ಅವಳು ಓದಿದ್ದು ಇಂಗ್ಲಿಷು. ಶೋಭಾ ಇಷ್ಟೂ ದಿನ ಹುರಿದದ್ದು ಗುರೆಳ್ಳು. ಆ ಕಾಳೇ ಹಿಂದೆ ಯಾವತ್ತೋ ಸಮುದ್ರ ದಾಟಿ ಬಂದು ಇವಳಿಗಾಗಿ ಇಲ್ಲಿ ಕಾಯುತ್ತಿತ್ತು ಎಂದರೆ, ಓದಿ ಕೂತವರು ಯಾರ ಹತ್ತಿರ ದೂರಬೇಕು? "ಇವ್ರು ನಮ್ಮಕ್ಕ ರೀ, ಎಮ್ಮೇ ಓದ್ಯಾರ, ಕಾಲೇಜ್ನಾಗೆ ಹೇಳ್ತಾರ" ಎಂದು ಶೋಭಾ ಅವಳ ತೋಳು ಹಿಡಿದು ಮುಂದೆ ತಂದಳು. ತನ್ನ ಹೊಗಳಿಕೆಯನ್ನು ತಾನೇ ಅನುವಾದಿಸಬೇಕಾಗಿ ಬಂದ ಪ್ರೇಮಲತಾ, "ನಾವಿಬ್ಬರೂ ಒಂದೇ ಮನೆಯವರು" ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಮಾಜ್ ಮರ್ಯಾದೆಗೆ ತಲೆಬಾಗಿಸಿ ಮತ್ತೆ ಬಾಣಲೆಯ ಕಡೆ ತಿರುಗಿದಳು.

ಆಮೇಲೆ ಆ ಪ್ರಶ್ನೆ ಬಂತು. ಅಲ್ಮಾಜ್ ಕೈಯ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತ, "ನಾವು ಹುಡುಕುತ್ತಿದ್ದದ್ದು ಇಂಥವಳನ್ನೇ. ಸಮಿತಿಗೆ ಈಕೆಯ ಹೆಸರು ಹಾಕಿಕೊಳ್ಳುತ್ತೇನೆ, ಆಡಿಸ್ ಅಬಾಬಕ್ಕೆ ಬರುತ್ತಾಳೆಯೇ ಕೇಳಿ" ಎಂದಳು. ಪ್ರೇಮಲತಾ ಕೇಳಿದಳು, ಸರಿಯಾಗಿಯೇ ಕೇಳಿದಳು. ಶೋಭಾಳ ಮುಖ ಕೆಂಪಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ನೆಲ ನೋಡುತ್ತ, ತುಟಿಯ ಕೊನೆಯಲ್ಲಿ ನಗು ತಡೆಯುತ್ತ, "ಅಯ್ಯೋ, ಬ್ಯಾಡ್ರೀ! ನನಗೇನ್ ತಿಳಿತೈತೆ? ಹಳ್ಳಿಯಾಕಿ ನಾನು. ಓದ್ದೋರು ಬೇಕಾದಷ್ಟ್ ಜನ ಅದಾರ, ಅಂಥೋರನ್ ಕರ್ಕೊಂಡ್ ಹೋಗ್ರಿ" ಎಂದಳು.

ಇದು ಒಲ್ಲೆ ಎಂಬ ಮಾತಲ್ಲವೆಂದು ದಾವಣಗೆರೆಯಿಂದ ಹರಿಹರದವರೆಗೆ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಮೊದಲ ಸಲಕ್ಕೇ ಹೂಂ ಎಂದರೆ ಆಸೆಬುರುಕಿ ಎಂದಾರು. ಬಡಿಸುವವರು ಹೋಳಿಗೆ ತಂದಾಗ ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬೆರಳುಗಳ ಸಂದಿಯಲ್ಲಿ ತುಪ್ಪಕ್ಕೆ ಜಾಗ ಇದ್ದೇ ಇರುತ್ತದೆ. ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಕೈ ಹಿಡಿದು ಸರಿಸಬೇಕು. ಶೋಭಾ ಹೊಸ ಸೊಸೆಯಾಗಿ ಬಂದ ವಾರ ಅತ್ತೆ ಪ್ರೇಮಲತಾಳ ಕೈಯಲ್ಲಿ ಅವಳಿಗೊಂದು ಸೀರೆ ಕೊಟ್ಟು ಕಳಿಸಿದ್ದರು, ಮೆಂತ್ಯದ ಬಣ್ಣದ್ದು, ತನಗೆ ಬರಲಿ ಎಂದು ಪ್ರೇಮಲತಾ ಒಳಗೊಳಗೇ ಬಯಸಿದ್ದು. "ಬ್ಯಾಡಕ್ಕಾ, ನನಗ್ಯಾಕೆ, ನೀವಾ ಉಟ್ಕೊಳ್ರಿ" ಎಂದಿದ್ದಳು ಶೋಭಾ, ಇದೇ ನಗುವಿನಲ್ಲಿ. ಪ್ರೇಮಲತಾ ಸೀರೆಯನ್ನು ಮಡಿಸಿ ತನ್ನ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಳು. ಹಬ್ಬದ ದಿನ ಮೈಲಮ್ಮ ಎಲ್ಲರ ಎದುರಿಗೆ, "ಬ್ಯಾಡ ಅಂದ್ರೆ ಒಯ್ದು ಇಟ್ಕೊಂಡ್ ಬಿಡಾದಾ? ಎಷ್ಟ್ ಓದಿದ್ರೇನವ್ವಾ ಬಂತು" ಎಂದಿದ್ದರು. ಅವತ್ತು ಕಿವಿ ಹೇಗೆ ಸುಟ್ಟಿತ್ತೋ ಇವತ್ತೂ ಹಾಗೇ ಸುಡುತ್ತಿದೆ. ಈಗ ಮಾಡಬೇಕಾದದ್ದು ಅವಳಿಗೆ ಗೊತ್ತು. ಅಲ್ಮಾಜಳ ಕಡೆ ತಿರುಗಿ, ನಮ್ಮಲ್ಲಿ ಹೀಗೆ, ಇನ್ನೊಮ್ಮೆ ಕೇಳಿ ಎಂದರೆ ಆಯಿತು. ಆದರೆ ಅದು ಶೋಭಾ ಆಡಿದ ಮಾತಲ್ಲವಲ್ಲ? ದುಭಾಷಿಯಾದವಳು ಆಡಿದ ಮಾತನ್ನಷ್ಟೇ ದಾಟಿಸಬೇಕಲ್ಲವೇ? ಕೊರಳಿನ ಚೀಟಿ ಮತ್ತೆ ಸರಿಯಾಗಿ ತಿರುಗಿಕೊಂಡಿತ್ತು.

"ಬೇಡ ಎನ್ನುತ್ತಾಳೆ" ಎಂದಳು ಇಂಗ್ಲಿಷಿನಲ್ಲಿ. "ತನಗೇನೂ ತಿಳಿಯುವುದಿಲ್ಲವಂತೆ. ಓದಿದವರು ಬೇಕಾದಷ್ಟು ಜನರಿದ್ದಾರೆ, ಅವರನ್ನು ಕರೆದುಕೊಂಡು ಹೋಗಿ ಎನ್ನುತ್ತಾಳೆ."

ಒಂದೂ ಸುಳ್ಳಲ್ಲ. ಅಲ್ಮಾಜಳ ಹುಬ್ಬು ಸ್ವಲ್ಪ ಮೇಲೇರಿತು, ಇಳಿಯಿತು. ಅಷ್ಟರಲ್ಲಿ ಮುಸರತ್ ಸೌಟು ಆಡಿಸುವುದನ್ನು ನಿಲ್ಲಿಸದೆ, "ಅಕ್ಕೋರೆ, ಇನ್ನೊಂದ್ ಸಲ ಕೇಳಾಕ್ ಹೇಳ್ರೀ ಆ ಅಮ್ಮಗೆ! ನಮ್ಮ ಸಾವ್ಕಾರ್ತಿ ಒಂದಾ ಮಾತಿಗ್ ಹೂಂ ಅಂತಾರೇನ್ರಿ? ನನ್ನ ಪಗಾರ ಜಾಸ್ತಿ ಮಾಡಾಕಾ ಮೂರ್ ಸಲ ಕೇಳ್ಸ್ಕೊಂಡಾರ" ಎಂದಳು. ಮೆಣಸಿನಕಾಯಿ ಮುರಿಯುತ್ತಿದ್ದ ಹೆಂಗಸರು ನಕ್ಕರು. ಶೋಭಾ, "ಸುಮ್ನಿರೇ ನೀನು" ಎಂದು ಅವಳ ಬೆನ್ನಿಗೊಂದು ಹೊಡೆದಳು, ಮೆಲ್ಲಗೆ. ಅಲ್ಮಾಜ್ ಪ್ರೇಮಲತಾಳ ಕಡೆ ನೋಡಿ, "ಅವಳೇನೆಂದಳು?" ಎಂದು ಕೇಳಿದಳು.

"ಕಾಳು ಸೀಯುತ್ತದೆ, ದೂರ ನಿಲ್ಲಿ ಎನ್ನುತ್ತಾಳೆ."

ಹೇಳಿ ಮುಗಿದ ಮೇಲೆ ಅದು ತನ್ನ ದನಿ ಎಂದು ಪ್ರೇಮಲತಾಗೆ ತಿಳಿಯಿತು. ಅಲ್ಮಾಜ್ ಪಾಪ, ನಿಜವೆಂದು ನಂಬಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಹುರಿದ ಗುರೆಳ್ಳಿನ ವಾಸನೆ ಗೋದಾಮು ತುಂಬ ಹದವಾಗಿ, ಸ್ವಲ್ಪವೂ ಸೀಯದೆ ಹರಡಿತ್ತು.

ಹೊರಗೆ ವ್ಯಾನಿನ ಹತ್ತಿರ ಬಿಸಿಲು. ಉಳಿದವರೆಲ್ಲ ಹತ್ತಿ ಕೂತಿದ್ದರು. ಶೋಭಾ ಮರೆತ ಪೊಟ್ಟಣಗಳನ್ನು ತರಲು ಒಳಗೆ ಓಡಿದ್ದಳು. ಅಲ್ಮಾಜ್ ವ್ಯಾನಿನ ಬಾಗಿಲ ಮೇಲೆ ಕೈಯಿಟ್ಟು ನಿಂತು, "ನಿಮ್ಮ ಪತ್ರಗಳನ್ನೆಲ್ಲ ಓದಿದ್ದೇನೆ. ಇಷ್ಟು ಸ್ಪಷ್ಟವಾಗಿ ಬರೆಯುವವರು ನಮ್ಮ ಮಂಡಳಿಯಲ್ಲಿ ಕಡಿಮೆ. ಅವಳು ಒಲ್ಲೆ ಎಂದಳಲ್ಲ, ನೀವು ಬರುತ್ತೀರಾ?" ಎಂದಳು.

ಎಷ್ಟು ರಾತ್ರಿ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಂಡಿದ್ದಳೋ, ಅಷ್ಟೂ ರಾತ್ರಿ ಉತ್ತರ ಬೇರೆ ಇತ್ತು. ಪ್ರೇಮಲತಾಳ ಕೈ ತಾನಾಗಿ ಎದೆಯ ಹತ್ತಿರ ಹೋಯಿತು, ಕತ್ತು ವಾಲಿತು, ತುಟಿಯ ಕೊನೆಯಲ್ಲಿ ಒಂದು ನಗು ಬಂದು ನಿಂತಿತು. "ಅಯ್ಯೋ, ನಾನೇ? ಇಲ್ಲ ಇಲ್ಲ, ನನಗೆಲ್ಲಿಯ ಯೋಗ್ಯತೆ" ಎಂದಳು. ಇಂಗ್ಲಿಷಿನಲ್ಲೇ ಎಂದಳು, ರಾಗ ಮಾತ್ರ ಅವಳ ತಾಯಿಯದು, ಅತ್ತೆಯದು, ಓಣಿಯ ಎಲ್ಲ ಹೆಂಗಸರದು. ಅಂದು, ನೆಲ ನೋಡುತ್ತ ಕಾದಳು. ಕಾಯುವ ಆ ಚೂರು ಹೊತ್ತಿನಲ್ಲಿ ಅವಳಿಗೆ ಸುಖವಾಗಿತ್ತು, ಈಗ ಮತ್ತೆ ಕೇಳುತ್ತಾಳೆ, ಇನ್ನೂ ಒಂದೆರಡು ಒಳ್ಳೆಯ ಮಾತು ಸೇರಿಸಿ ಕೇಳುತ್ತಾಳೆ ಎಂಬ ಸುಖ. "ಸರಿ ಹಾಗಾದರೆ" ಎಂದಳು ಅಲ್ಮಾಜ್. "ಇಬ್ಬರೂ ನೇರವಾಗಿ ಹೇಳಿದಿರಿ, ಒಳ್ಳೆಯದಾಯಿತು. ಎಷ್ಟೋ ಕಡೆ ಹೂಂ ಎಂದು ಆಮೇಲೆ ಕೈ ಕೊಡುತ್ತಾರೆ. ನಾಳೆ ಹುಬ್ಬಳ್ಳಿಯಲ್ಲಿ ಒಬ್ಬಳು ರೊಟ್ಟಿ ಮಾಡುವವಳನ್ನು ನೋಡಬೇಕಿದೆ."

ಪ್ರೇಮಲತಾ ತಲೆ ಎತ್ತಿದಳು. ಹಾಗಲ್ಲ ಎನ್ನಬೇಕಿತ್ತು. ಹಾಗಲ್ಲ, ನನಗೆ ಬೇಕು, ಬಹಳ ಬೇಕು. ಇಂಗ್ಲಿಷಿನಲ್ಲಿ ಎಷ್ಟು ಸುಲಭದ ವಾಕ್ಯ ಅದು, ಮೊದಲ ವರ್ಷದ ಹುಡುಗರಿಗೂ ಬರುತ್ತದೆ. ಆದರೆ ಬೇಕು ಎಂದು ಬಾಯಿ ಬಿಟ್ಟು ಹೇಳಿದ್ದು ಅವಳ ನೆನಪಿನಲ್ಲಿ ಒಂದು ಸಲವೂ ಇರಲಿಲ್ಲ. ಯಾವುದನ್ನೂ, ಯಾರ ಹತ್ತಿರವೂ. ಮೇಲಾಗಿ ತನ್ನ ಬೇಡ ಬೇಡವಲ್ಲವೆಂದು ವಿವರಿಸಿದರೆ ಶೋಭಾಳದ್ದನ್ನೂ ವಿವರಿಸಬೇಕಾಗುತ್ತದೆ. ಶೋಭಾ ಪೊಟ್ಟಣಗಳ ಚೀಲ ಹಿಡಿದು ಓಡಿ ಬಂದು ಕಿಟಕಿಯೊಳಗೆ ತುರುಕಿದಳು. ಅಲ್ಮಾಜ್ ಅವಳ ಎರಡೂ ಕೈ ಹಿಡಿದು, ಅರ್ಥವಾಗದ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ವ್ಯಾನು ಹುಬ್ಬಳ್ಳಿಯ ಕಡೆ ಹೊರಟಿತು. ತಾನು ಕೈ ಬೀಸುತ್ತಿದ್ದೇನೆ ಎಂಬುದು ಪ್ರೇಮಲತಾಗೆ ಧೂಳು ಕೂತ ಮೇಲೆ ಗೊತ್ತಾಯಿತು.

ವಾಪಸು ಬರುವಾಗ ಶೋಭಾಳ ಸ್ಕೂಟರಿನ ಹಿಂದೆ ಕೂರದೆ ಬೇರೆ ದಾರಿ ಇರಲಿಲ್ಲ. "ಗಟ್ಟಿಯಾಗ್ ಹಿಡ್ಕೊಳ್ರಿ ಅಕ್ಕಾ, ರೋಡ್ ಸರಿಯಿಲ್ಲ" ಎಂದು ಶೋಭಾ ಅವಳ ಕೈಯನ್ನು ತಾನೇ ಎಳೆದು ಹೆಗಲ ಮೇಲೆ ಇಟ್ಟುಕೊಂಡಳು. ಜಡೆಯಿಂದ ಹುರಿದ ಗುರೆಳ್ಳಿನ ವಾಸನೆ ಬರುತ್ತಿತ್ತು. ಲಾರಿಗಳು ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಅವಳು ಮಾತಾಡಿದ್ದು ಗಾಳಿಗೆ ಹರಿದು ತುಂಡುತುಂಡಾಗಿ ಹಿಂದಕ್ಕೆ ಬರುತ್ತಿತ್ತು.

"ಅಕ್ಕಾ, ನಾ ಬ್ಯಾಡ ಅಂದಿದ್ದಕ್ಕೆ ಏನಂದ್ಲು ಆಕಿ?"

"ಆಗ್ಲಿ ಅಂದ್ಲು."

"ಅಷ್ಟೇನಾ?" ಶೋಭಾ ಜೋರಾಗಿ ನಕ್ಕಳು. "ಎಲಾ ಇವಳ! ನಮ್ಮತ್ತಿನಾದ್ರೂ ಎರಡ್ನೇ ಸಲ ಕೇಳ್ತಾರೆ. ಹೋಗೋ ಮುಂದೆ ಕೈ ಹಿಡ್ಕೊಂಡಾಗ ಇನ್ನೊಮ್ಮೆ ಕೇಳ್ತಾಳೆ ಅಂತ ಮಾಡಿದ್ದೆ ನೋಡ್ರಿ. ಹೂಂ ಅನ್ನಾಕೆ ಬಾಯಿ ತಕ್ಕೊಂಡಾ ನಿಂತಿದ್ದೆ."

ಪ್ರೇಮಲತಾಳ ಬೆರಳುಗಳು ಅವಳ ಹೆಗಲ ಮೇಲೆ ಬಿಗಿಯಾದವು. ರಸ್ತೆಯ ಕುಣಿಗೆ ಹೆದರಿದಳೆಂದುಕೊಂಡು ಶೋಭಾ ವೇಗ ಕಡಿಮೆ ಮಾಡಿದಳು.

"ಹೋಗ್ಲಿ ಬಿಡ್ರಿ, ನಿಮಗಾ ಸಿಗ್ಲಿ ಅದು. ಫೋನ್ ಮಾಡ್ತಾಳೆ ನೋಡ್ರಿ ನಿಮಗೆ. ವಾಮದೇವಪ್ಪೋರೂ ಹೇಳ್ತಿದ್ರಲ್ಲ. ವ್ಯಾನಿನ್ ಹತ್ರ ಏನೋ ಕೇಳ್ತಿದ್ಲು, ನಾ ಒಳಗಿಂದಾ ಕಂಡೆ. ಏನಂದ್ಲು?"

ನಿಟ್ಟುವಳ್ಳಿಯ ತಿರುವಿನಲ್ಲಿ ಒಂದು ಆಟೋ ಅಡ್ಡ ಬಂದು ಶೋಭಾ ಬ್ರೇಕು ಹಾಕಿದಳು. ಪ್ರೇಮಲತಾಳ ಎದೆ ಅವಳ ಬೆನ್ನಿಗೆ ಒತ್ತಿತು. ಈಗ ಹೇಳಿಬಿಡಬಹುದು. ಮುಖ ನೋಡಬೇಕಾಗಿಲ್ಲ, ಬೆನ್ನಿಗೆ ಹೇಳಿದರೆ ಸಾಕು. ಮುಸರತ್ ಆಡಿದ್ದನ್ನು ತಾನು ಏನು ಮಾಡಿದೆ ಎಂಬುದನ್ನು ಹೇಳಿದರೆ ಶೋಭಾ ಸಿಟ್ಟಾಗಬಹುದು, ಸ್ಕೂಟರು ನಿಲ್ಲಿಸಬಹುದು, ಬಯ್ಯಬಹುದು. ಅದನ್ನು ತಡೆದುಕೊಳ್ಳಬಹುದು, ಆ ಸಿಟ್ಟಿಗಾಗಿ ಇಷ್ಟು ವರ್ಷ ಕಾದದ್ದುಂಟು. ಆದರೆ ಅದಾದ ಮೇಲೆ ವ್ಯಾನಿನ ಹತ್ತಿರ ನಡೆದದ್ದನ್ನೂ ಹೇಳಬೇಕಾಗುತ್ತದೆ. ಅದನ್ನು ಕೇಳಿದರೆ ಶೋಭಾ ಸಿಟ್ಟಾಗುವುದಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಹಿಂದಕ್ಕೆ ತಿರುಗಿ, ಕಣ್ಣು ತುಂಬಿಕೊಂಡು, ನಿಮಗೂ ಹಂಗಾ ಆತಾ ಅಕ್ಕಾ ಎನ್ನುತ್ತಾಳೆ, ಕೈ ಹಿಡಿದುಕೊಳ್ಳುತ್ತಾಳೆ. ಮನೆಯಲ್ಲಿ ಅತ್ತೆಯ ಮುಂದೆ ಅಕ್ಕನ ಪರವಾಗಿ ಜಗಳ ಮಾಡುತ್ತಾಳೆ. ನಾಳೆಯೇ ಯಾರದಾದರೂ ಕೈಕಾಲು ಹಿಡಿದು ಅಲ್ಮಾಜಳ ನಂಬರು ಹುಡುಕಿ, ನಮ್ಮಕ್ಕನ್ನ ಇನ್ನೊಂದ್ ಸಲ ಕೇಳ್ರೀ ಎಂದು ಬೇಡಿಕೊಳ್ಳುತ್ತಾಳೆ. ತನಗಾಗಿ ಅಲ್ಲ, ಅಕ್ಕನಿಗಾಗಿ. ಮಾಡಿಯೇ ತೀರುತ್ತಾಳೆ, ಆಗ ಆ ಸೀಟು ಸಿಕ್ಕರೂ ಅದು ಶೋಭಾ ಕೊಟ್ಟದ್ದಾಗಿರುತ್ತದೆ.

"ಏನಿಲ್ಲ" ಎಂದಳು ಪ್ರೇಮಲತಾ. "ಬಾತ್ರೂಮ್ ಎಲ್ಲೈತೆ ಅಂತ ಕೇಳಿದ್ಲು."

ಶೋಭಾ ನಗುನಗುತ್ತ ಗಾಡಿ ಮುಂದಕ್ಕೆ ಬಿಟ್ಟಳು. ಗಂಡನಿಗೂ ಇಲ್ಲ, ವಾಮದೇವಪ್ಪನವರಿಗೂ ಇಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ. ಇದು ಯಾರ ಕಿವಿಗೂ ಬೀಳಕೂಡದು ಎಂದು ಪ್ರೇಮಲತಾ ಆ ಬೆನ್ನಿನ ಹಿಂದೆ ಕೂತೇ ನಿರ್ಧರಿಸಿದಳು.